ಆಳಸಮುದ್ರದ ಶಾರ್ಕ್ ಎಣ್ಣೆ ಮಾತ್ರೆ: ಎಣ್ಣೆ ಶುದ್ಧವಾಗಿದೆ, ಆದರೂ ಕೊಳ್ಳಬೇಡಿ

ಐದರಲ್ಲಿ ಒಂದು ನಕ್ಷತ್ರ ಕೊಡುತ್ತಿದ್ದೇನೆ. ಸೊನ್ನೆ ಕೊಡಲು ಜಾಗ ಇಲ್ಲ, ಅದಕ್ಕೆ.

ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಸರಕು ಹತ್ತಾರು ಹೆಸರಿನಲ್ಲಿ ಮಾರಾಟವಾಗುತ್ತದೆ, ಲೇಬಲ್ಲಿನ ಬಣ್ಣ ಮಾತ್ರ ಬೇರೆ. ವಿದೇಶದಲ್ಲಿರುವ ನೆಂಟರು ಊರಿಗೆ ಬರುವಾಗ ಚಾಕಲೇಟು, ಬಾದಾಮಿ, ನೋವಿನ ಮುಲಾಮಿನ ಜೊತೆ ತರುತ್ತಾರಲ್ಲ, ಆ ಪೈಕಿ ಸಾಮಾನು ಇದು. ನಮ್ಮ ಮನೆಗೂ ಹಾಗೇ ಬಂತು. ಅಮ್ಮನ ಮಂಡಿನೋವಿಗೆ ಅಂತ ಚಿಕ್ಕಮ್ಮನ ಮಗ ತಂದುಕೊಟ್ಟ. ಒಳ್ಳೆಯ ಮನಸ್ಸಿನಿಂದಲೇ ತಂದಿದ್ದಾನೆ, ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಈಗ ಆನ್‌ಲೈನಲ್ಲೂ ಸಿಗುತ್ತದೆ, ನೂರು ಮಾತ್ರೆಗೆ ಎರಡು ಸಾವಿರ ರೂಪಾಯಿಯಿಂದ ಮೇಲೆ ಎಷ್ಟು ಬೇಕಾದರೂ.

ಮೊದಲು ಮಾತ್ರೆಯ ಬಗ್ಗೆಯೇ ಹೇಳಿಬಿಡುತ್ತೇನೆ. ಸಾಫ್ಟ್‌ಜೆಲ್ ಮಾತ್ರೆ, ಒಂದೊಂದರಲ್ಲೂ 1000 ಮಿಲಿಗ್ರಾಂ ಸ್ಕ್ವಾಲೀನ್, ಅಂದರೆ ಶಾರ್ಕಿನ ಲಿವರ್ ಎಣ್ಣೆಯಿಂದ ತೆಗೆದ ಜಿಡ್ಡಿನ ಪದಾರ್ಥ. ಗಾತ್ರ ದೊಡ್ಡದು, ವಯಸ್ಸಾದವರಿಗೆ ನುಂಗುವುದು ಕಷ್ಟ. ಮೀನಿನ ವಾಸನೆ ಬರುತ್ತದೇನೋ ಅಂದುಕೊಂಡಿದ್ದೆ, ಇಲ್ಲ. ಒಂದನ್ನು ಸೂಜಿಯಲ್ಲಿ ಚುಚ್ಚಿ ಅಂಗೈಗೆ ಹಿಂಡಿ ನೋಡಿದೆ. ಬಣ್ಣ ಇಲ್ಲ, ನೀರಿನ ಹಾಗೆ ತೆಳು, ಕೈಗೆ ಹಚ್ಚಿದರೆ ಕ್ಷಣದಲ್ಲಿ ಇಂಗಿಹೋಯಿತು. ಕಾಡ್ ಲಿವರ್ ಎಣ್ಣೆ ಕುಡಿದು ಗೊತ್ತಿದ್ದವರಿಗೆ ಇದು ಮೀನಿನದ್ದು ಅಂತ ನಂಬುವುದೇ ಕಷ್ಟ. ಸರಕಿನ ಗುಣಮಟ್ಟದಲ್ಲಿ ನನ್ನ ತಕರಾರಿಲ್ಲ. ಇನ್ನು ಮಂಡಿನೋವು, ಅದು ಇದ್ದ ಹಾಗೇ ಇದೆ. ಅಮ್ಮ ಈಗ ಮೂಳೆ ಡಾಕ್ಟರು ಹೇಳಿಕೊಟ್ಟ ಕಾಲಿನ ವ್ಯಾಯಾಮ ಮಾಡುತ್ತಾರೆ, ಅದರಿಂದ ಸ್ವಲ್ಪ ವಾಸಿ ಅನ್ನುತ್ತಾರೆ.

ಲೇಬಲ್ಲಿನ ಮೇಲೆ ಬಾಯಿ ತೆರೆದ ದೊಡ್ಡ ಬಿಳಿ ಶಾರ್ಕಿನ ಚಿತ್ರ ಇದೆ. ಅದು ಸುಳ್ಳು. ಈ ಎಣ್ಣೆ ಬರುವುದು ಆ ಶಾರ್ಕಿನಿಂದಲ್ಲ. ಹೆಚ್ಚಾಗಿ ಇದು ಗಲ್ಪರ್ ಶಾರ್ಕ್ ಅನ್ನುವ ಗುಂಪಿನ ಮೀನುಗಳಿಂದ ಬರುತ್ತದೆ. ಉದ್ದ ಒಂದು, ಒಂದೂವರೆ ಮೀಟರ್ ಇರಬಹುದು. ಕಂದು-ಬೂದು ಮೈ, ಮುಖಕ್ಕೆ ಮೀರಿದ ದೊಡ್ಡ ಹಸಿರು ಕಣ್ಣು. ಬದುಕುವುದು ಸುಮಾರು 200 ಮೀಟರಿನಿಂದ 1500 ಮೀಟರ್ ಆಳದವರೆಗಿನ ಸಮುದ್ರತಳದ ಇಳಿಜಾರಿನಲ್ಲಿ. ಯಾರನ್ನೂ ಕಚ್ಚಲು ಬರುವುದಿಲ್ಲ. ಅಲ್ಲಿಗೆ ನಾವೇ ಹೋಗಬೇಕು, ಗಾಳ ಹಿಡಿದುಕೊಂಡು.

ಅದರ ಹೊಟ್ಟೆಯಲ್ಲಿ ಅಷ್ಟೊಂದು ಎಣ್ಣೆ ಯಾಕಿದೆ ಅಂತ ಕೇಳಿದರೆ ಇಡೀ ಕಥೆ ಅರ್ಥವಾಗುತ್ತದೆ. ಬಂಗುಡೆ, ಕಾಣೆ ತರಹದ ಮುಳ್ಳಿನ ಮೀನುಗಳಲ್ಲಿ ಬಹಳಷ್ಟಕ್ಕೆ ಹೊಟ್ಟೆಯೊಳಗೆ ಗಾಳಿಚೀಲ ಇರುತ್ತದೆ, ಮುಳುಗದೆ ಇರಲು. ಶಾರ್ಕ್‌ಗಳಿಗೆ ಅದಿಲ್ಲ. ಅದರ ಬದಲು ಅವು ಲಿವರ್‌ನಲ್ಲಿ ಎಣ್ಣೆ ತುಂಬಿಕೊಳ್ಳುತ್ತವೆ. ಎಣ್ಣೆ ನೀರಿಗಿಂತ ಹಗುರ, ಎಷ್ಟೇ ಒತ್ತಡ ಬಿದ್ದರೂ ಗಾಳಿಯ ಹಾಗೆ ಕುಗ್ಗುವುದಿಲ್ಲ. ಆಳದ ಶಾರ್ಕ್‌ಗಳಲ್ಲಿ ಲಿವರ್ ಅಂದರೆ ಮೈತೂಕದ ಕಾಲು ಭಾಗದವರೆಗೂ ಇರುತ್ತದೆ. ಗಲ್ಪರ್‌ಗಳಲ್ಲಂತೂ ಆ ಎಣ್ಣೆಯ ಅರ್ಧಕ್ಕಿಂತ ಜಾಸ್ತಿ ಸ್ಕ್ವಾಲೀನೇ. ತೀರದ ಹತ್ತಿರದ ಶಾರ್ಕ್‌ಗಳ ಎಣ್ಣೆಯಲ್ಲಿ ಇಷ್ಟಿರುವುದಿಲ್ಲ. 1906ರಲ್ಲಿ ಮಿತ್ಸುಮಾರು ತ್ಸುಜಿಮೋಟೊ ಅನ್ನುವ ಜಪಾನಿನ ರಸಾಯನಶಾಸ್ತ್ರಜ್ಞ ಇದನ್ನು ಮೊದಲು ಗುರುತಿಸಿದ್ದು ಶಾರ್ಕ್ ಲಿವರ್ ಎಣ್ಣೆಯಲ್ಲೇ.

ಈಗ ಆ ಮೀನಿನ ಬದುಕು ನೋಡಿ. ಅಲ್ಲಿ ಕತ್ತಲು, ಚಳಿ. ಆಹಾರ ಅಂದರೆ ಮೇಲಿನ ನೀರಿನಿಂದ ಉದುರಿ ಬಂದಿದ್ದು, ಇಲ್ಲವೇ ಅದನ್ನು ತಿಂದು ಬದುಕುವ ಇತರ ಜೀವಿಗಳು. ಎರಡೂ ಕಡಿಮೆ. ಹಾಗಾಗಿ ಎಲ್ಲವೂ ನಿಧಾನ. ನಮ್ಮ ಬೂತಾಯಿ ಹುಟ್ಟಿದ ಒಂದು ವರ್ಷದೊಳಗೆ ಮೊಟ್ಟೆ ಇಡಲು ತಯಾರು, ಅದೂ ಸಾವಿರಾರು. ಗಲ್ಪರ್ ಗುಂಪಿನ ಒಂದು ಜಾತಿ 70 ವರ್ಷದವರೆಗೂ ಬದುಕುತ್ತದೆ ಅಂತ ಅಂದಾಜಿದೆ, ಅದರ ಹೆಣ್ಣು ಬಸಿರಾಗಲು ಸಿದ್ಧವಾಗುವುದು ಮೂವತ್ತು ದಾಟಿದ ಮೇಲೆ. ಬಸಿರು ಸುಮಾರು ಎರಡು ವರ್ಷ. ಕೆಲವು ಜಾತಿಗಳಲ್ಲಿ ಅಷ್ಟಾದ ಮೇಲೆ ಹುಟ್ಟುವುದು ಒಂದೋ ಎರಡೋ ಮರಿ. ಇದು ಮೀನಿನ ಲೆಕ್ಕವೇ ಅಲ್ಲ, ಆನೆಯ ಲೆಕ್ಕ.

ನಾನು ಒಂದು ಸಣ್ಣ ಗುಣಾಕಾರ ಮಾಡಿದೆ. ಒಂದು ಟನ್ ಸ್ಕ್ವಾಲೀನಿಗೆ ಅಂದಾಜು 3000 ಶಾರ್ಕ್ ಬೇಕು ಅಂತ ಈ ವಿಷಯದಲ್ಲಿ ಕೆಲಸ ಮಾಡುವವರು ಹೇಳುತ್ತಾರೆ. ಜಾತಿ, ಗಾತ್ರದ ಮೇಲೆ ಹೆಚ್ಚುಕಡಿಮೆ ಆಗುತ್ತದೆ, ಇರಲಿ. ನಮ್ಮ ಬಾಟಲಿಯಲ್ಲಿ ನೂರು ಮಾತ್ರೆ, ಅಂದರೆ 100 ಗ್ರಾಂ. ಮೂರು ಬಾಟಲಿಗೆ ಹತ್ತಿರಹತ್ತಿರ ಒಂದು ಶಾರ್ಕ್. ದಿನಕ್ಕೆ ಎರಡು ಮಾತ್ರೆ ತಗೊಳ್ಳಿ ಅಂತ ಬಾಟಲಿ ಹೇಳುತ್ತದೆ. ಅದನ್ನು ಪಾಲಿಸಿದರೆ ಒಬ್ಬರಿಗೆ ವರ್ಷಕ್ಕೆ ಎರಡಕ್ಕಿಂತ ಜಾಸ್ತಿ ಶಾರ್ಕ್. ಆ ಎರಡು ಶಾರ್ಕ್ ಮತ್ತೆ ಹುಟ್ಟಿ ಬೆಳೆಯಲು ಬೇಕಾದ ಕಾಲಕ್ಕೆ ನಮ್ಮ ಮನೆಯಲ್ಲಿ ಒಂದು ತಲೆಮಾರು ಕಳೆದಿರುತ್ತದೆ.

"ಸಮುದ್ರ ದೊಡ್ಡದು, ಎಷ್ಟು ಹಿಡಿದರೂ ಮುಗಿಯಲ್ಲ" ಅಂತ ನಮ್ಮ ಕಡೆ ಹಳಬರು ಹೇಳುವುದುಂಟು. ಗಲ್ಪರ್ ವಿಷಯದಲ್ಲಿ ಇದು ಎಷ್ಟು ಬೇಗ ಮುಗಿಯುತ್ತದೆ ಅನ್ನುವುದಕ್ಕೆ ನಮ್ಮ ಪಕ್ಕದ ಮಾಲ್ಡೀವ್ಸ್ ಸಾಕ್ಷಿ. ಅಲ್ಲಿ ಎಣ್ಣೆಗಾಗಿಯೇ ಗಲ್ಪರ್ ಹಿಡಿಯುವುದು ಶುರುವಾಗಿದ್ದು 1980ರ ಹೊತ್ತಿಗೆ. ಮೊದಲ ಕೆಲವು ವರ್ಷ ಭರ್ಜರಿ. ಆಮೇಲೆ ಇಳಿಯುತ್ತಾ ಹೋಗಿ ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಆ ಕಸುಬೇ ನಿಂತಿತು, ಹಿಡಿಯಲು ಮೀನು ಉಳಿದಿರಲಿಲ್ಲ. ಇಪ್ಪತ್ತು ಚಿಲ್ಲರೆ ವರ್ಷ, ಅಷ್ಟೇ. 2010ರಲ್ಲಿ ಆ ದೇಶ ಎಲ್ಲಾ ಶಾರ್ಕ್ ಹಿಡಿಯುವುದನ್ನೂ ನಿಷೇಧಿಸಿತು.

ಆಸ್ಟ್ರೇಲಿಯಾದ ಲೆಕ್ಕ ಇನ್ನೂ ಸ್ಪಷ್ಟ, ಯಾಕೆಂದರೆ ಅಲ್ಲಿ ಮೊದಲಿನ ಪಟ್ಟಿ ಇತ್ತು. ನ್ಯೂ ಸೌತ್ ವೇಲ್ಸ್ ಕರಾವಳಿಯ ಆಳದ ಇಳಿಜಾರಿನಲ್ಲಿ 1976-77ರಲ್ಲಿ 'ಕಪಾಲಾ' ಅನ್ನುವ ಸಂಶೋಧನಾ ಹಡಗು ಟ್ರಾಲ್ ಬಲೆ ಎಳೆದು ಏನೇನು ಸಿಕ್ಕಿತು ಅಂತ ಬರೆದಿಟ್ಟಿತ್ತು. 1996-97ರಲ್ಲಿ ಅದೇ ಹಡಗು ಅದೇ ಜಾಗಗಳಿಗೆ ಹೋಗಿ ಮತ್ತೆ ಎಳೆಯಿತು. ಗಲ್ಪರ್ ಗುಂಪಿನ ಶಾರ್ಕ್‌ಗಳು ಶೇಕಡಾ 98ಕ್ಕಿಂತ ಜಾಸ್ತಿ ಕಡಿಮೆಯಾಗಿದ್ದವು. ಗಮನಿಸಿ, ಅಲ್ಲಿನ ಟ್ರಾಲರ್‌ಗಳು ಮುಖ್ಯವಾಗಿ ಹೋಗುತ್ತಿದ್ದದ್ದು ಬೇರೆ ಮೀನುಗಳಿಗೆ. ಶಾರ್ಕ್ ಜೊತೆಯಲ್ಲಿ ಬಲೆಗೆ ಬಿತ್ತು.

ಟ್ರಾಲ್ ಬಲೆ ಬಗ್ಗೆ ಒಂದು ಮಾತು. ಆಳದ ತಳದಲ್ಲಿ ಬಲೆ ಎಳೆದಾಗ ಮೀನು ಮಾತ್ರ ಬರುವುದಿಲ್ಲ. ಬಲೆಯ ಬಾಯಿ ಅಗಲಿಸಲು ಎರಡು ಕಡೆ ಇರುವ ಭಾರದ ಬೋರ್ಡುಗಳು, ತಳದ ಕಬ್ಬಿಣದ ಸರಪಳಿ, ಉರುಳೆಗಳು ದಾರಿಯಲ್ಲಿರುವ ಹವಳ, ಸ್ಪಂಜು ಎಲ್ಲವನ್ನೂ ಕಿತ್ತುಹಾಕುತ್ತವೆ. ಬಿಸಿಲು ಕಾಣದ ಆ ಆಳದಲ್ಲೂ ಹವಳ ಇದೆ, ಅದೂ ವರ್ಷಕ್ಕೆ ಕೂದಲೆಳೆಯಷ್ಟು ಬೆಳೆಯುವಂಥದ್ದು. ಹವಾಯಿ ಹತ್ತಿರ ಸಿಕ್ಕ ಒಂದು ಕಪ್ಪು ಹವಳದ ವಯಸ್ಸು 4000 ವರ್ಷ ದಾಟಿದೆ. ಅದರ ಕೊಂಬೆಗಳ ನಡುವೆ ಏಡಿ, ಸಿಗಡಿ, ಮರಿಮೀನು ಎಲ್ಲಾ ಸಂಸಾರ ಹೂಡಿರುತ್ತವೆ. ಬಲೆ ಒಂದು ಸಲ ಹಾದುಹೋದರೆ ಉಳಿಯುವುದು ಬರಿಯ ಕಲ್ಲು. ಯೂರೋಪು 2016ರಲ್ಲಿ ತನ್ನ ನೀರಿನಲ್ಲಿ 800 ಮೀಟರಿಗಿಂತ ಕೆಳಗೆ ತಳದ ಟ್ರಾಲಿಂಗ್ ನಿಲ್ಲಿಸಿತು. ಆಳಸಮುದ್ರದ ಶಾರ್ಕ್ ಹಿಡಿಯುವ ಕೋಟಾವನ್ನು 2010ರಿಂದಲೇ ಸೊನ್ನೆಗೆ ಇಳಿಸಿತ್ತು. ತಡವಾಗಿ ಮಾಡಿದರು, ಆದರೂ ಮಾಡಿದರಲ್ಲ.

ನಮ್ಮ ಕಡಲಲ್ಲಿ? ಮಲ್ಪೆ, ಮಂಗಳೂರಿನ ಆಳಸಮುದ್ರ ಬೋಟುಗಳು ಹತ್ತು ಹದಿನೈದು ದಿನ ಹೋಗಿ ಬಂದರೂ ಬಹುಪಾಲು ಬಲೆ ಎಳೆಯುವುದು 200 ಮೀಟರಿಗಿಂತ ಕಡಿಮೆ ಆಳದಲ್ಲಿ. ನಮ್ಮ ಮಾರ್ಕೆಟ್ಟಿಗೆ ಬರುವ ತಾಟೆ, ಕೊಂಕಣಿಯವರು ಮೋರಿ ಅನ್ನುತ್ತಾರಲ್ಲ, ಬಾಣಂತಿಯರಿಗೆ ಒಳ್ಳೆಯದು ಅಂತ ಮಾಡಿ ಹಾಕುತ್ತಾರೆ, ಅದು ಗಲ್ಪರ್ ಅಲ್ಲ, ತೀರದ ಕಡೆಯ ಜಾತಿಗಳು. ಅವುಗಳ ಸ್ಥಿತಿಯೂ ಅಷ್ಟಕ್ಕಷ್ಟೇ, ಅದು ಬೇರೆ ಮಾತು. ಹಿಡಿದ ಗಲ್ಪರ್ ಬೋಟಿನಿಂದ ಇಳಿಯುವುದು ಕೇರಳದಲ್ಲಿ, ಮುಖ್ಯವಾಗಿ ಕೊಚ್ಚಿ ಬಂದರಿನಲ್ಲಿ. ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ವಿಜ್ಞಾನಿಗಳು ಅಲ್ಲಿ ಇಳಿಯುವ ಆಳದ ಶಾರ್ಕ್‌ಗಳನ್ನು ಅಳೆದು, ತೂಗಿ, ಹೊಟ್ಟೆ ಬಗೆದು ದಾಖಲೆ ಮಾಡಿದ್ದಾರೆ. ಹಿಡಿಯುವವರಲ್ಲಿ ಕನ್ಯಾಕುಮಾರಿ ಜಿಲ್ಲೆಯ ತೂತೂರು ಕಡೆಯವರು ಹೆಸರುವಾಸಿ. ಉದ್ದ ಹಗ್ಗಕ್ಕೆ ಸಾಲುಗಾಳ ಕಟ್ಟಿ ಆಳಕ್ಕೆ ಬಿಟ್ಟು, ಅಂಡಮಾನ್, ಲಕ್ಷದ್ವೀಪದ ತನಕ ಹೋಗುವ ಗಟ್ಟಿಗರು. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಲಿವರ್‌ಗೆ ಬೆಲೆ ಕೊಡುವವರು ಇರುವವರೆಗೆ ಅವರು ಹೋಗುತ್ತಾರೆ. ಆ ಬೆಲೆ ಹುಟ್ಟುವುದು ಇಂಥ ಬಾಟಲಿಗಳಿಂದ ಅಲ್ವಾ?

ಮಳೆಗಾಲದಲ್ಲಿ ನಾವು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಲ್ಲಿಸಿ ಬೋಟು ದಡಕ್ಕೆ ಕಟ್ಟಿಹಾಕುತ್ತೇವೆ. ಬೂತಾಯಿ, ಬಂಗುಡೆಗೆ ಈ ರಜೆಯಿಂದ ಉಪಯೋಗ ಇದೆ. ಎರಡು ವರ್ಷ ಬಸಿರು ಹೊರುವ ಮೀನಿಗೆ 61 ದಿನ ಯಾವ ಮೂಲೆಗೆ?

ಬರೀ ಗಲ್ಪರ್ ಕಥೆ ಅಲ್ಲ ಇದು. 2024ರ ಮಾರ್ಚ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಆಳದಲ್ಲಿ ಬದುಕುವ 521 ಜಾತಿಯ ಶಾರ್ಕ್ ಮತ್ತು ತೊರಕೆ (ರೇ) ಮೀನುಗಳನ್ನು ಪರಿಶೀಲಿಸಿ, ಏಳರಲ್ಲಿ ಒಂದು ಜಾತಿ ಅಳಿವಿನ ಅಪಾಯದಲ್ಲಿದೆ ಅಂದಿತು. ಹಾಗೆ ಅಪಾಯದಲ್ಲಿರುವ ಜಾತಿಗಳಲ್ಲಿ ಸುಮಾರು ಮೂರನೇ ಎರಡು ಭಾಗ ಲಿವರ್ ಎಣ್ಣೆಯ ವ್ಯಾಪಾರಕ್ಕೆ ಸಿಕ್ಕಿಕೊಂಡವು. 2025ರ ಕೊನೆಗೆ ಉಜ್ಬೇಕಿಸ್ತಾನದ ಸಮರ್‌ಖಂಡ್‌ನಲ್ಲಿ ನಡೆದ ಸೈಟಿಸ್ (ಅಳಿವಿನ ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಸಭೆಯಲ್ಲಿ ಗಲ್ಪರ್ ಶಾರ್ಕ್‌ಗಳನ್ನು ಎರಡನೇ ಅನುಬಂಧಕ್ಕೆ ಸೇರಿಸಿದರು. ಅಂದರೆ ವ್ಯಾಪಾರ ಪೂರ್ತಿ ಬಂದ್ ಅಲ್ಲ, ದೇಶದಿಂದ ದೇಶಕ್ಕೆ ಸಾಗಿಸಬೇಕಾದರೆ ಪರವಾನಗಿ ಬೇಕು, ಹಿಡಿದದ್ದು ಜಾತಿಯ ಉಳಿವಿಗೆ ಧಕ್ಕೆ ತರುವಂಥದ್ದಲ್ಲ ಅಂತ ತೋರಿಸಬೇಕು. ಆದರೆ ಮೀನು ನೋಡಿ ಜಾತಿ ಗುರುತಿಸುವುದೇ ಕಷ್ಟ, ಇನ್ನು ಎಣ್ಣೆಯಾದ ಮೇಲೆ ಕಸ್ಟಮ್ಸ್‌ನವರು ಏನು ನೋಡಿ ಹಿಡಿಯಬೇಕು? ಈ ಕಾಗದ ಎಷ್ಟು ಕೆಲಸ ಮಾಡುತ್ತದೆ ಅನ್ನುವ ಬಗ್ಗೆ ನನಗೆ ಅನುಮಾನ ಇದೆ.

ನಾನು ಕಂಪನಿಗೆ ಒಂದು ಮೇಲ್ ಬರೆದೆ, ಇದು ಯಾವ ಜಾತಿಯ ಶಾರ್ಕ್, ಯಾವ ಸಮುದ್ರದ್ದು, ಹೇಗೆ ಹಿಡಿದದ್ದು ಅಂತ. "ನಮ್ಮ ಉತ್ಪನ್ನ ಮಾಲಿನ್ಯವಿಲ್ಲದ ಆಳಸಮುದ್ರದಿಂದ ಬಂದದ್ದು, ನೀವು ನಿಶ್ಚಿಂತೆಯಿಂದ ಬಳಸಬಹುದು" ಅಂತ ಉತ್ತರ ಬಂತು. ಕೇಳಿದ್ದೇ ಬೇರೆ. ಒಂದು ನಕ್ಷತ್ರಕ್ಕೆ ಮುಖ್ಯ ಕಾರಣ ಇದೇ ಅಂತ ಬೇಕಾದರೆ ತಿಳಿದುಕೊಳ್ಳಿ. ಸೊಪ್ಪು ಮಾರುವ ಅಜ್ಜಿಯೂ ಯಾವ ಊರಿನ ಹೊಲದ್ದು ಅಂತ ಹೇಳುತ್ತಾಳೆ.

ಇನ್ನು ಬಾಟಲಿ ಮೇಲಿನ ಔಷಧಿ ಗುಣಗಳ ಪಟ್ಟಿ. ಸುಸ್ತು, ಸಕ್ಕರೆ, ಕೀಲುನೋವು, ಚರ್ಮ, ಕೂದಲು, ಕಡೆಗೆ ಕ್ಯಾನ್ಸರು. ಶಾರ್ಕಿಗೆ ಕ್ಯಾನ್ಸರ್ ಬರುವುದೇ ಇಲ್ಲ ಅನ್ನುವ ಹಳೆಯ ಕಟ್ಟುಕಥೆಯನ್ನೂ ಮಾರುವವರು ಇನ್ನೂ ಹೇಳುತ್ತಾರೆ. ಬರುತ್ತದೆ, ಶಾರ್ಕ್‌ಗಳಲ್ಲಿ ಗೆಡ್ಡೆಗಳು ಎಷ್ಟೋ ಸಲ ದಾಖಲಾಗಿವೆ. ನಮ್ಮ ಮೈ ಸ್ಕ್ವಾಲೀನನ್ನು ತಾನೇ ತಯಾರಿಸಿಕೊಳ್ಳುತ್ತದೆ, ಕೊಲೆಸ್ಟ್ರಾಲ್ ಮಾಡುವ ದಾರಿಯಲ್ಲಿ ಅದು ಒಂದು ಮೆಟ್ಟಿಲು. ನಮ್ಮ ಚರ್ಮದ ಜಿಡ್ಡಿನಲ್ಲೇ ನೂರಕ್ಕೆ ಹತ್ತು ಹನ್ನೆರಡು ಪಾಲು ಇದೆ. ಹೊರಗಿನಿಂದ ನುಂಗಲೇಬೇಕಾದ ವಿಟಮಿನ್ ಏನೂ ಅಲ್ಲ. ಇನ್ನೊಂದು ಎಚ್ಚರಿಕೆ, ಇದನ್ನು ಯಾರೂ ಹೇಳುವುದಿಲ್ಲ: ಈ ತೆಳು ಎಣ್ಣೆ ಅಪ್ಪಿತಪ್ಪಿ ಶ್ವಾಸನಾಳಕ್ಕೆ ಇಳಿದರೆ ಅಲ್ಲೇ ನಿಂತು ಒಂದು ಬಗೆಯ ನ್ಯುಮೋನಿಯಾ ಆಗುತ್ತದೆ. ಈ ಮಾತ್ರೆ ಜಾಸ್ತಿ ಬಳಕೆಯಲ್ಲಿರುವ ಕೊರಿಯಾದ ಡಾಕ್ಟರುಗಳು ಇಂಥ ಕೇಸುಗಳನ್ನು ಬರೆದಿದ್ದಾರೆ. ನುಂಗಲು ತೊಂದರೆ ಇರುವ ಹಿರಿಯರಿಗೆ ಮಾತ್ರೆ ಒಡೆದು ಎಣ್ಣೆ ಬಾಯಿಗೆ ಬಿಡುವ ಕೆಲಸ ಖಂಡಿತ ಮಾಡಬೇಡಿ.

"ಲಸಿಕೆಗೂ ಶಾರ್ಕ್ ಎಣ್ಣೆ ಬಳಸುತ್ತಾರಲ್ಲ, ಅದಕ್ಕೇನು ಹೇಳ್ತೀರಿ?" ಅಂತ ನನ್ನ ಭಾವ ಕೇಳಿದರು. ಹೌದು, ಕೆಲವು ಫ್ಲೂ ಲಸಿಕೆಗಳಲ್ಲಿ ಪರಿಣಾಮ ಹೆಚ್ಚಿಸಲು ಸ್ಕ್ವಾಲೀನ್ ಸೇರಿಸುತ್ತಾರೆ. ನಾವು ಹಾಕಿಸಿಕೊಂಡ ಕೋವಿಶೀಲ್ಡ್, ಕೋವ್ಯಾಕ್ಸಿನ್‌ನಲ್ಲಿ ಅದಿರಲಿಲ್ಲ. ಇರುವ ಲಸಿಕೆಯಲ್ಲೂ ಒಂದು ಡೋಸಿಗೆ ಸುಮಾರು 10 ಮಿಲಿಗ್ರಾಂ. ಈ ಬಾಟಲಿಯ ಒಂದೇ ಮಾತ್ರೆಯಲ್ಲಿ ಅಂಥ ನೂರು ಡೋಸಿಗಾಗುವಷ್ಟಿದೆ, ಬಾಟಲಿಯಲ್ಲಿ ಹತ್ತು ಸಾವಿರ ಡೋಸಿನಷ್ಟು. ಲಸಿಕೆ ಜೀವ ಉಳಿಸುತ್ತದೆ, ಅದಕ್ಕೂ ಗಿಡದ ಮೂಲದ್ದು ತರುವ ಪ್ರಯತ್ನ ನಡೆದಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಬೇಡ ಭಾವ.

ಬದಲಿ ಇಲ್ಲದಿದ್ದರೆ ಇಷ್ಟು ಖಾರವಾಗಿ ಬರೆಯುತ್ತಿರಲಿಲ್ಲ. ಇದೇ ಸ್ಕ್ವಾಲೀನ್ ಆಲಿವ್ ಎಣ್ಣೆಯಲ್ಲಿದೆ, ಅಕ್ಕಿ ತವುಡಿನ ಎಣ್ಣೆಯಲ್ಲಿದೆ. ರಾಜಗಿರಿ ಬೀಜದ ಎಣ್ಣೆಯಲ್ಲಂತೂ ನೂರಕ್ಕೆ ಐದಾರು ಪಾಲಿಗಿಂತ ಹೆಚ್ಚು. ಕಬ್ಬಿನ ಸಕ್ಕರೆಯನ್ನು ಯೀಸ್ಟಿಗೆ ತಿನ್ನಿಸಿ ಹುದುಗು ಬರಿಸಿ ಮಾಡುವ ವಿಧಾನವೂ ಬಂದಿದೆ. ಕ್ರೀಮಿಗೆ, ಸೀರಮ್ಮಿಗೆ ಹಾಕುವುದು ಸ್ಕ್ವಾಲೇನ್. ಸ್ಕ್ವಾಲೀನಿಗೆ ಹೈಡ್ರೋಜನ್ ಸೇರಿಸಿದರೆ ಅದಾಗುತ್ತದೆ, ಬೇಗ ಕೆಡುವುದಿಲ್ಲ. ಶಾರ್ಕಿನಿಂದ ಬಂದರೂ ಕಬ್ಬಿನಿಂದ ಬಂದರೂ ಅಣು ಅದೇ. ಯೂನಿಲಿವರ್, ಲೋರಿಯಾಲ್‌ನಂಥ ದೊಡ್ಡ ಕಂಪನಿಗಳೇ 2008ರ ಹೊತ್ತಿಗೆ ಶಾರ್ಕ್ ಮೂಲದ್ದನ್ನು ಬಿಡುತ್ತೇವೆ ಅಂದವು.

ಹೋಲಿಸಿ ನೋಡೋಣ ಅಂತ ಕಬ್ಬಿನ ಮೂಲದ ಒಂದು ಮುಖದ ಎಣ್ಣೆ ತರಿಸಿದೆ. ಇದಕ್ಕೆ ನಾಲ್ಕು ನಕ್ಷತ್ರ. ಎರಡು ಹನಿ ಸಾಕು, ಒದ್ದೆ ಮುಖಕ್ಕೆ ಹಚ್ಚಿದರೆ ಅಂಟು ಅನ್ನಿಸುವುದಿಲ್ಲ, ವಾಸನೆ ಇಲ್ಲ. ಬೆಂಗಳೂರಿನ ಡಿಸೆಂಬರಿನಲ್ಲಿ ಕೆನ್ನೆ, ತುಟಿಯ ಅಂಚು ಬಿರಿಯುವವರಿಗೆ ಚೆನ್ನಾಗಿದೆ. ಹಿಮ್ಮಡಿಗೆ ಸಾಲದು, ಅದಕ್ಕೆ ಕೊಬ್ಬರಿ ಎಣ್ಣೆಯೇ ವಾಸಿ. ನಮ್ಮ ಉಡುಪಿಯ ಮೇ ತಿಂಗಳಿನ ಬೆವರಿಗೆ ಯಾವ ಎಣ್ಣೆಯೂ ಬೇಡ, ಸುಮ್ನೆ ತಣ್ಣೀರಲ್ಲಿ ಮುಖ ತೊಳೆದರೆ ಆಯಿತು. ಬೆಲೆ 30 ಎಂಎಲ್‌ಗೆ ಐನೂರರ ಮೇಲೆ, ಜಾಸ್ತಿಯೇ.

ಅಂಗಡಿಯಲ್ಲಿ ಕೊಳ್ಳುವಾಗ ಹಿಂದುಗಡೆ ಓದಿ. ಗಿಡದ್ದಾದರೆ ಕಂಪನಿಯವರು ಆಲಿವ್, ಕಬ್ಬು ಅಂತ ದೊಡ್ಡದಾಗಿ ಹಾಕಿಕೊಂಡೇ ಇರುತ್ತಾರೆ, ಯಾಕೆಂದರೆ ಅದು ಅವರಿಗೇ ಜಾಹೀರಾತು. ಬರೀ ಸ್ಕ್ವಾಲೇನ್ ಅಂತ ಬರೆದು ಮೂಲ ಹೇಳದೆ ಬಿಟ್ಟಿದ್ದರೆ ಮೇಲ್ ಹಾಕಿ ಕೇಳಿ, ಉತ್ತರ ಬರದಿದ್ದರೆ ಬಿಟ್ಟುಬಿಡಿ. ಲ್ಯಾಬಿನಲ್ಲಿ ಇಂಗಾಲದ ಐಸೋಟೋಪ್ ಪರೀಕ್ಷೆ ಮಾಡಿ ಶಾರ್ಕಿನದ್ದೋ ಗಿಡದ್ದೋ ಅಂತ ಹೇಳಬಹುದು, ಆದರೆ ಅದು ನಮ್ಮ ನಿಮ್ಮ ಕೈಯಲ್ಲಿ ಆಗುವ ಕೆಲಸವಲ್ಲ. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಕಟ್ಟಾ ಸಸ್ಯಾಹಾರಿಗಳು ವಿದೇಶಿ ಕ್ರೀಮು ಬಳಸುತ್ತಿದ್ದರೆ ಇದನ್ನು ಇನ್ನೂ ಗಮನವಿಟ್ಟು ನೋಡುವುದು ಒಳ್ಳೆಯದು. ನಮ್ಮ ಪಕ್ಕದ ಮನೆಯ ಅತ್ತೆಗೆ ಹೇಳಿದಾಗ ಅವರ ಮುಖ ನೋಡುವ ಹಾಗಿತ್ತು.

ಕಬ್ಬಿನ ಎಣ್ಣೆಗೆ ಒಂದು ನಕ್ಷತ್ರ ಕತ್ತರಿಸಿದ್ದು ಡ್ರಾಪರ್ ಕಾರಣಕ್ಕೆ. ಎಣ್ಣೆ ತೆಳುವಾದ್ದರಿಂದ ಎರಡು ಹನಿ ಅಂತ ಒತ್ತಿದರೆ ಐದಾರು ಬೀಳುತ್ತದೆ, ಮುಚ್ಚಳದ ಸುತ್ತ ಸೋರಿ ಡಬ್ಬಿಯ ಹೊರಗೆಲ್ಲಾ ಜಿಡ್ಡು. ಪಂಪ್ ಇರುವ ಬಾಟಲಿ ಸಿಕ್ಕರೆ ಅದನ್ನೇ ತಗೊಳ್ಳಿ.